ತಾರಸಿಯ ಮೇಲೆ 2.7 ಕೆಲ್ವಿನ್: ಡಿಟಿಎಚ್ ಎಲ್‌ಎನ್‌ಬಿಯಿಂದ ವಿಶ್ವದ ಹಿನ್ನೆಲೆ ವಿಕಿರಣ ಅಳೆಯುವ ಬಗೆ

ವಿಶ್ವದ ಆರಂಭದ ಬಿಸಿಯಿಂದ ಉಳಿದು, ಆಕಾಶದ ಎಲ್ಲ ದಿಕ್ಕುಗಳಿಂದಲೂ ಹೆಚ್ಚುಕಮ್ಮಿ ಸಮನಾಗಿ ಬರುತ್ತಿರುವ ಮೈಕ್ರೋವೇವ್ ಹಿನ್ನೆಲೆ ವಿಕಿರಣದ ತಾಪಮಾನ 2.725 ಕೆಲ್ವಿನ್. 1989ರ ನವೆಂಬರ್‌ನಲ್ಲಿ ಹಾರಿದ ಕೋಬ್ ಉಪಗ್ರಹದ ಫಿರಾಸ್ ಉಪಕರಣದಿಂದಾಗಿ ಈ ಅಂಕಿ ಇಷ್ಟು ಖಚಿತವಾಗಿದೆ. ಅಂಥ ನಿಖರತೆ ತಾರಸಿಯ ಮೇಲೆ ಸಿಗುವುದಿಲ್ಲ. ಆದರೆ ಡಿಟಿಎಚ್ ಅಂಗಡಿಯ ಎಲ್‌ಎನ್‌ಬಿ (ಡಿಶ್‌ನ ಮುಂದೆ ಕೂತು ಸಂಕೇತವನ್ನು ಹಿಗ್ಗಿಸುವ ಪುಟ್ಟ ಡಬ್ಬಿ), ಅಲ್ಯೂಮಿನಿಯಂ ತಗಡಿನ ಹಾರ್ನ್ (ಲಾಳಿಕೆಯಾಕಾರದ ಆಂಟೆನಾ), ಎಂಟು ಹತ್ತು ಲೀಟರ್ ದ್ರವ ಸಾರಜನಕ ಇದ್ದರೆ ಪದವಿ ಕಾಲೇಜಿನ ತಂಡವೊಂದು ‘ಸುಮಾರು 3 ಕೆಲ್ವಿನ್’ ಎಂಬ ಉತ್ತರ ತೆಗೆಯಬಹುದು.

ಪರದೆಯ ಮೇಲೆ ‘ಇದೇ ಆ ವಿಕಿರಣ’ ಎಂದು ತೋರಿಸುವ ಗೆರೆ ಏನೂ ಮೂಡುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ಇದು ಕಳೆಯುವ ಲೆಕ್ಕ. ಒಳಬರುವ ರೇಡಿಯೋ ಶಕ್ತಿಯನ್ನೂ ಉಪಕರಣದ ಸ್ವಂತ ‘ಸದ್ದ’ನ್ನೂ ಇಲ್ಲಿ ತಾಪಮಾನದಲ್ಲೇ ಹೇಳುತ್ತಾರೆ. 1965ರಲ್ಲಿ ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಈ ವಿಕಿರಣವನ್ನು ಪತ್ತೆಹಚ್ಚಿದ ಪೆನ್‌ಜಿಯಾಸ್ ಮತ್ತು ವಿಲ್ಸನ್ ಮಾಡಿದ್ದೂ ಇದನ್ನೇ. 4080 ಮೆಗಾಹರ್ಟ್ಸ್‌ನಲ್ಲಿ ಅವರ ಆಂಟೆನಾ ನೆತ್ತಿಯ ಕಡೆ ತೋರಿದ್ದು 6.7 ಕೆಲ್ವಿನ್. ಅದರಲ್ಲಿ ವಾತಾವರಣದ್ದು 2.3, ಆಂಟೆನಾದ ಲೋಹದ ನಷ್ಟದ್ದು 0.8, ನೆಲದಿಂದ ಬಂದದ್ದು 0.1ಕ್ಕಿಂತ ಕಡಿಮೆ. ಯಾರ ಖಾತೆಗೂ ಹಾಕಲಾಗದೆ ಉಳಿದದ್ದು 3.5, ಒಂದು ಕೆಲ್ವಿನ್ ಆಚೀಚೆ. ನಮ್ಮ ಉಪಕರಣದಲ್ಲಿ ಈ ಲೆಕ್ಕ ಇನ್ನೂ ಒರಟು. ಒಟ್ಟು ಸುಮಾರು 78 ಕೆಲ್ವಿನ್‌ನಷ್ಟು ಸದ್ದು ಬರುತ್ತದೆ. ಅದರಲ್ಲಿ 70ರಷ್ಟು ಎಲ್‌ಎನ್‌ಬಿಯ ಸ್ವಂತದ್ದು, ನಾಲ್ಕೂವರೆಯಷ್ಟು ಗಾಳಿಯದು, ಒಂದೆರಡು ನೆಲದ್ದು. ಬೇಕಾದ 2.7 ಇಡೀ ಮೊತ್ತದ ಶೇ 3ರ ಸುಮಾರಿನಲ್ಲಿದೆ.

ಡಿಶ್ ಬೇಡ, ಹಾರ್ನ್ ಬೇಕು

ತಾರಸಿಯ ಮೇಲೆ ಡಿಶ್ ಹೇಗೂ ಇದೆಯಲ್ಲ ಎಂದು ಅದನ್ನೇ ಬಳಸಹೊರಟರೆ ಕೆಲಸ ಕೆಡುತ್ತದೆ. ಡಿಶ್‌ನ ಅಂಚಿನಾಚೆಗೂ ಎಲ್‌ಎನ್‌ಬಿಯ ಕಣ್ಣು ಹಾಯುತ್ತದೆ, ಅಲ್ಲಿ 300 ಕೆಲ್ವಿನ್‌ನ ನೆಲ ಇದೆ. ಆ ಸೋರಿಕೆ ಶೇ 1ರಷ್ಟಿದ್ದರೂ 3 ಕೆಲ್ವಿನ್ ಸೇರಿತು. ಅಂದರೆ ಹುಡುಕುತ್ತಿರುವುದಕ್ಕಿಂತ ಹೆಚ್ಚು. ಎರಡನೆಯದಾಗಿ, ಡಿಶ್‌ನ ಮುಂದೆ, ತಾಪಮಾನ ಗೊತ್ತಿರುವ ಬಿಸಿ ಮತ್ತು ತಣ್ಣನೆಯ ಹೋಲಿಕೆ ವಸ್ತುಗಳನ್ನು ಹಿಡಿಯಲಾಗದು. ಹಾರ್ನ್‌ನ ಬಾಯಿಗೇ ಅವನ್ನು ಒಡ್ಡಬಹುದು. ಹಾಗೆ ಮಾಡಿದಾಗ ಹಾರ್ನ್‌ನ ಲೋಹದ ನಷ್ಟ ಎಲ್ಲ ಅಳತೆಗೂ ಒಂದೇ ಆಗಿ ಎಲ್‌ಎನ್‌ಬಿಯ ಸದ್ದಿನ ಲೆಕ್ಕದಲ್ಲೇ ಸೇರಿಹೋಗುತ್ತದೆ. ಪೆನ್‌ಜಿಯಾಸ್ ಮತ್ತು ವಿಲ್ಸನ್ ಪ್ರತ್ಯೇಕವಾಗಿ ಕಳೆಯಬೇಕಾಗಿದ್ದ ಆ 0.8ರಂಥ ಬಾಬ್ತು ನಮಗೆ ಇರುವುದಿಲ್ಲ.

ಎಲ್‌ಎನ್‌ಬಿ ಕೊಳ್ಳುವಾಗ ಫೀಡ್ (ಸಂಕೇತ ಒಳಸೇರುವ ಬಾಯಿ) ಅಂಟಿಕೊಂಡೇ ಬರುವ ಸಾಮಾನ್ಯ ಬಗೆಯ ಬದಲು ಸಿ120 ಫ್ಲ್ಯಾಂಜ್ (ಬೇರೆ ಹಾರ್ನ್ ಜೋಡಿಸಬಹುದಾದ ಚಪ್ಪಟೆ ಅಂಚು) ಇರುವ ಯುನಿವರ್ಸಲ್ ಕು ಬ್ಯಾಂಡ್ ಎಲ್‌ಎನ್‌ಬಿ ಕೇಳಿ. ಅದರ ದುಂಡು ಕೊಳವೆಯ ಒಳವ್ಯಾಸ ಸುಮಾರು 17.5 ಮಿ.ಮೀ. ಪಿಎಲ್‌ಎಲ್ ಬಗೆ ಸಿಕ್ಕರೆ ಒಳ್ಳೆಯದು, ಚಳಿಗೆ ಅದರ ಆವರ್ತನ ಅಷ್ಟಾಗಿ ಜಾರುವುದಿಲ್ಲ. ಡಬ್ಬಿಯ ಮೇಲಿನ ‘0.1 ಡೆಸಿಬೆಲ್’ ಎಂಬ ಮಾತನ್ನು ನಂಬಬೇಡಿ. ಅದು ನಿಜವಾದರೆ ಎಲ್‌ಎನ್‌ಬಿಯ ಸದ್ದು 7 ಕೆಲ್ವಿನ್ ಇರಬೇಕಿತ್ತು. ಅಳೆದರೆ 50ರಿಂದ 100ರ ನಡುವೆ ಬರುತ್ತದೆ.

ಹಾರ್ನ್‌ಗೆ ಅರ್ಧ ಮಿ.ಮೀ. ಅಲ್ಯೂಮಿನಿಯಂ ತಗಡು ಸಾಕು. ಬಾಯಿಯ ವ್ಯಾಸ 14 ಸೆಂ.ಮೀ., ಓರೆ ಉದ್ದ 30 ಸೆಂ.ಮೀ. ಎಂದಿಟ್ಟುಕೊಂಡರೆ ತಗಡಿನ ಮೇಲೆ ಹೀಗೆ ಗುರುತು ಹಾಕಿ: ಒಂದೇ ಕೇಂದ್ರದಿಂದ 34.3 ಸೆಂ.ಮೀ. ಮತ್ತು 4.3 ಸೆಂ.ಮೀ. ತ್ರಿಜ್ಯದ ಎರಡು ಕಮಾನು, ನಡುವಿನ ಕೋನ 73.5 ಡಿಗ್ರಿ, ಒಂದು ಅಂಚಿಗೆ 1 ಸೆಂ.ಮೀ. ಹೆಚ್ಚುವರಿ. ಸುತ್ತಿ, ರಿವೆಟ್ ಹೊಡೆದು, ಒಳಗಿನ ಕೂಡುಗೆರೆಯ ಮೇಲೆ ಅಲ್ಯೂಮಿನಿಯಂ ಟೇಪ್ ಒತ್ತಿ. ಹೋಮ್‌ಡೆಲ್‌ನವರೂ ರಿವೆಟ್ ಕೂಡುಗಳಿಗೆ ಟೇಪ್ ಅಂಟಿಸಿದ್ದರು. ಸಣ್ಣ ತುದಿ ಫ್ಲ್ಯಾಂಜ್‌ನ ತೂತಿಗೆ ಮೆಟ್ಟಿಲಿಲ್ಲದೆ ಸೇರಬೇಕು. 10.8 ಗಿಗಾಹರ್ಟ್ಸ್‌ನಲ್ಲಿ ತರಂಗದ ಉದ್ದ 2.78 ಸೆಂ.ಮೀ., ಆದ್ದರಿಂದ ಈ ಹಾರ್ನ್ ನೋಡುವ ಅಗಲ 12ರಿಂದ 14 ಡಿಗ್ರಿ.

ಯಾವ ಆವರ್ತನ?

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ರೇಡಿಯೋ ನಿಯಮಾವಳಿಯಲ್ಲಿ 5.340 ಎಂಬ ಅಡಿಟಿಪ್ಪಣಿ ಇದೆ. ಅದರ ಪಟ್ಟಿಯಲ್ಲಿರುವ ಆವರ್ತನಗಳಲ್ಲಿ ಯಾರೂ ಏನನ್ನೂ ಪ್ರಸಾರ ಮಾಡಬಾರದು, ಅವು ಕೇಳುವವರಿಗೆ ಮೀಸಲು. 10.68ರಿಂದ 10.7 ಗಿಗಾಹರ್ಟ್ಸ್ ಆ ಪಟ್ಟಿಯಲ್ಲಿದೆ, ಕೆಲವು ದೇಶಗಳಿಗೆ ವಿನಾಯಿತಿ ಬಿಟ್ಟರೆ. ನಮ್ಮ ದೇಶದಲ್ಲಿ ಯಾವ ಆವರ್ತನ ಯಾರಿಗೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ನೋಡಿಕೊಳ್ಳುತ್ತದೆ. ರಾಷ್ಟ್ರೀಯ ಆವರ್ತನ ಹಂಚಿಕೆ ಯೋಜನೆಯ ಕೋಷ್ಟಕವನ್ನು ಒಮ್ಮೆ ತಿರುವಿಹಾಕಿದರೆ ಪರದೆಯ ಮೇಲೆ ಮುಳ್ಳಿನಂತೆ ಏಳುವ ಎಷ್ಟೋ ಸಂಕೇತಗಳ ಜಾತಕ ಅಲ್ಲೇ ಸಿಗುತ್ತದೆ.

ಹಾಗಾದರೆ ಆ ನಿಶ್ಶಬ್ದ ಆವರ್ತನದಲ್ಲೇ ಅಳೆಯೋಣವೇ? ಇಲ್ಲೊಂದು ತೊಡಕಿದೆ. ಎಲ್‌ಎನ್‌ಬಿಯ ಒಳಗಿನ ಆಂದೋಲಕ 9.75 ಗಿಗಾಹರ್ಟ್ಸ್, ಒಳಬಂದ ಆವರ್ತನದಿಂದ ಅಷ್ಟನ್ನು ಕಳೆದು ಅದು ಕೇಬಲ್‌ಗೆ ಕಳಿಸುತ್ತದೆ. ಹಾಗಾಗಿ 10.69 ಗಿಗಾಹರ್ಟ್ಸ್ ಕೇಬಲ್‌ನಲ್ಲಿ ಇಳಿಯುವುದು 940 ಮೆಗಾಹರ್ಟ್ಸ್‌ಗೆ. ಅದೇ 935ರಿಂದ 960ರ ನಡುವೆ ಮೊಬೈಲ್ ಟವರ್‌ಗಳು ಕೂಗುತ್ತಿರುತ್ತವೆ. ಆಕಾಶದಲ್ಲಿ ನಿಶ್ಶಬ್ದ, ಕೇಬಲ್‌ನಲ್ಲಿ ಗದ್ದಲ. ಇನ್ನು 10.95 ಗಿಗಾಹರ್ಟ್ಸ್‌ನಿಂದ ಮೇಲಕ್ಕೆ ಹೋದರೆ ಟಿವಿ ಉಪಗ್ರಹಗಳ ಸಂತೆ. ನಡುವಿನ 10.75ರಿಂದ 10.83, ಅಂದರೆ ಕೇಬಲ್‌ನಲ್ಲಿ 1000ರಿಂದ 1080 ಮೆಗಾಹರ್ಟ್ಸ್, ಸಾಮಾನ್ಯವಾಗಿ ಬಳಸಬಹುದಾದ ಜಾಗ. ಅಲ್ಲಿ ವಿಮಾನಗಳ ದೂರಮಾಪಕದ ಮಿಡಿತ ಆಗಾಗ ಬರುತ್ತದೆ. ಸರಾಸರಿಯ ಬದಲು ಮಧ್ಯಾಂಕ (ಮೀಡಿಯನ್) ತೆಗೆದರೆ ಅದು ಕಾಡುವುದಿಲ್ಲ. ಸ್ಟಾರ್‌ಲಿಂಕ್‌ನಂಥ ಕೆಳಕಕ್ಷೆಯ ಉಪಗ್ರಹಗಳೂ 10.7ರಿಂದ 12.7 ಗಿಗಾಹರ್ಟ್ಸ್ ಬಳಸುತ್ತವೆ. ಒಂದೆರಡು ನಿಮಿಷ ಏರಿ ಇಳಿಯುವ ಉಬ್ಬು ಕಂಡರೆ ಆ ದತ್ತಾಂಶ ಬಿಸಾಡಿ.

ವಿದ್ಯುತ್ ಮತ್ತು ಗ್ರಾಹಕ

ಎಲ್‌ಎನ್‌ಬಿಗೆ 13 ವೋಲ್ಟ್ ಬೇಕು. 12 ವೋಲ್ಟ್‌ನ ಪೂರ್ತಿ ಚಾರ್ಜ್ ಆದ ಬ್ಯಾಟರಿ ನಡೆಯುತ್ತದೆ. ಅಗ್ಗದ ಮೊಬೈಲ್ ಚಾರ್ಜರ್ ತರದ ಅಡಾಪ್ಟರ್ ಬೇಡ, ಅದರ ಸದ್ದು ಒಳನುಗ್ಗುತ್ತದೆ. ವಿದ್ಯುತ್ತನ್ನು ಕೇಬಲ್‌ಗೆ ಸೇರಿಸಲು ಬಯಾಸ್ ಟೀ ಬೇಕು. ನಮ್ಮ ಗ್ರಾಹಕ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್, ಅಂದರೆ ಕಂಪ್ಯೂಟರ್‌ಗೆ ಸಿಕ್ಕಿಸುವ ಪುಟ್ಟ ರೇಡಿಯೋ. ಅದರ ಒಳಗಿರುವ ಬಯಾಸ್ ಟೀ ಕೊಡುವುದು ನಾಲ್ಕೂವರೆ ವೋಲ್ಟ್ ಮಾತ್ರ, ಸಾಲದು. ಹೊರಗಿನ ಬಯಾಸ್ ಟೀ ಹಾಕಿ, ಡಾಂಗಲ್ ಸಿಕ್ಕಿಸುವ ಮೊದಲು ಆ ಬದಿಯಲ್ಲಿ ಮಲ್ಟಿಮೀಟರ್ ಹಿಡಿದು ಸೊನ್ನೆ ವೋಲ್ಟ್ ಇರುವುದನ್ನು ನೋಡಿ. ಉಲ್ಟಾ ಸಿಕ್ಕಿಸಿದರೆ ಡಾಂಗಲ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಎಲ್‌ಎನ್‌ಬಿಯ ಗೇನ್ (ಸಂಕೇತ ಹಿಗ್ಗಿಸುವ ಪ್ರಮಾಣ) 55 ಡೆಸಿಬೆಲ್‌ನಷ್ಟಿರುವುದರಿಂದ ಡಾಂಗಲ್‌ಗೆ ಬೇಕಾದ್ದಕ್ಕಿಂತ ಹೆಚ್ಚು ಶಕ್ತಿ ಬರುತ್ತದೆ. ನಡುವೆ ಶಕ್ತಿ ತಗ್ಗಿಸುವ 10ರಿಂದ 20 ಡೆಸಿಬೆಲ್ ಅಟೆನ್ಯುಯೇಟರ್ ಹಾಕಿ. ತಂತ್ರಾಂಶದಲ್ಲಿ ಸ್ವಯಂಚಾಲಿತ ಗೇನ್ ಕಡ್ಡಾಯವಾಗಿ ಬಂದ್ ಮಾಡಿ. ಇದನ್ನು ಮರೆತರೆ ಬಿಸಿಗೂ ತಣ್ಣಗೂ ಒಂದೇ ಅಂಕಿ ಬಂದು ಇಡೀ ರಾತ್ರಿ ವ್ಯರ್ಥ. ಬಿಸಿ ವಸ್ತು ಹಿಡಿದಾಗ 8 ಬಿಟ್ ಮಾದರಿಗಳ ಪ್ರಮಾಣ ವಿಚಲನೆ 25ರಿಂದ 30 ಬರುವಂತೆ ಗೇನ್ ಇಟ್ಟರೆ ತುದಿ ಕತ್ತರಿಸುವುದಿಲ್ಲ. ಆಮೇಲೆ ಒಂದು ಪರೀಕ್ಷೆ: ಇನ್ನೊಂದು 3 ಡೆಸಿಬೆಲ್ ಅಟೆನ್ಯುಯೇಟರ್ ಸೇರಿಸಿ ಬಿಸಿ ಮತ್ತು ಆಕಾಶದ ಅನುಪಾತ ಮತ್ತೆ ಅಳೆಯಿರಿ. ಅನುಪಾತ ಬದಲಾದರೆ ಎಲ್ಲೋ ಶಕ್ತಿ ಹೆಚ್ಚಾಗಿ ಅದುಮಿಕೊಳ್ಳುತ್ತಿದೆ ಎಂದರ್ಥ. ಬಿಸಿಯ ಅಂಕಿ ಶೇ 1ರಷ್ಟು ಅದುಮಿದರೂ ಉತ್ತರ 1.1 ಕೆಲ್ವಿನ್ ಇಳಿಯುತ್ತದೆ.

ದ್ರವ ಸಾರಜನಕ

ತಣ್ಣನೆಯ ಹೋಲಿಕೆಗೆ ದ್ರವ ಸಾರಜನಕದ ಬದಲು ಮಂಜುಗಡ್ಡೆ ನೀರನ್ನು ಬಳಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗದು. 298 ಮತ್ತು 273 ಕೆಲ್ವಿನ್ ಎಂಬ ಎರಡು ಬಿಂದುಗಳ ಗೆರೆಯನ್ನು ಆಕಾಶದ 9 ಕೆಲ್ವಿನ್‌ವರೆಗೆ ಎಳೆದರೆ, ಥರ್ಮಾಮೀಟರ್‌ನ ಅರ್ಧ ಡಿಗ್ರಿ ತಪ್ಪು ಸುಮಾರು 6 ಕೆಲ್ವಿನ್ ಆಗಿ ಬೆಳೆಯುತ್ತದೆ. ದ್ರವ ಸಾರಜನಕದಲ್ಲಿ ಆ ಹಿಗ್ಗುವಿಕೆ 1.3 ಪಟ್ಟು ಮಾತ್ರ. ಬಿಸಿ ವಸ್ತುವಿನ ತಪ್ಪಾದರೆ ಇನ್ನೂ ಕಡಿಮೆ, 0.3 ಪಟ್ಟು. ಆದ್ದರಿಂದ ಬಿಸಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಶ್ರಮವನ್ನೆಲ್ಲ ಸಾರಜನಕ ತುಂಬುವ ತಣ್ಣನೆಯ ಪೆಟ್ಟಿಗೆಯ ಮೇಲೆ ಹಾಕಿ.

ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳನ್ನು ಕಾಪಿಡಲು ಪಶುವೈದ್ಯರು ಬಳಸುವುದು ಇದೇ ದ್ರವ. ಹಾಗಾಗಿ ಅದನ್ನು ಒಯ್ಯುವ ಕ್ಯಾನ್‌ಗಳು ತಾಲ್ಲೂಕು ಕೇಂದ್ರಗಳಿಗೂ ಅಪರಿಚಿತವಲ್ಲ. ಕಾಲೇಜಿನ ಮೂಲಕವಾದರೆ ಕೈಗಾರಿಕಾ ಗ್ಯಾಸ್ ಪೂರೈಕೆದಾರರಿಂದ ತರಿಸುವುದು ನೇರ ದಾರಿ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲ. ಮುಚ್ಚಿದ ಕೋಣೆಯಲ್ಲಿ ಸುರಿಯಬೇಡಿ, ಲಿಫ್ಟ್‌ನಲ್ಲಿ ಕ್ಯಾನ್ ಜೊತೆ ನಿಲ್ಲಬೇಡಿ, ಯಾವ ಪಾತ್ರೆಗೂ ಬಿಗಿ ಮುಚ್ಚಳ ಹಾಕಬೇಡಿ. ಕಣ್ಣಿಗೆ ಕನ್ನಡಕ, ಕೈಗೆ ಸಡಿಲವಾದ ದಪ್ಪ ಗವಸು. ದ್ರವ ಒಳಗೆ ಸೇರಿದರೆ ಕೂಡಲೇ ಕೊಡವಿ ತೆಗೆಯುವಂತಿರಬೇಕು.

ಪೆಟ್ಟಿಗೆಗೆ ಮೀನು ಸಾಗಿಸುವ ಥರ್ಮಾಕೋಲ್ ಪೆಟ್ಟಿಗೆಯಷ್ಟು ಒಳ್ಳೆಯದು ಬೇರೆ ಇಲ್ಲ, ಅದರಲ್ಲಿ ಕೂಡುಗಳಿರುವುದಿಲ್ಲ. ಹಾಳೆ ಕತ್ತರಿಸಿ ಅಂಟಿಸಿದ ಪೆಟ್ಟಿಗೆಯ ಅಂಟು ಆ ಚಳಿಗೆ ಬಿರಿದು ಸೋರುತ್ತದೆ. ಒಳಗೆ 20 ಸೆಂ.ಮೀ. ಚದರ ಜಾಗ ಸಾಕು. ತಳದಲ್ಲಿ ಇಂಗಾಲ ತುಂಬಿದ ಮೈಕ್ರೋವೇವ್ ಹೀರುವ ಫೋಮ್, ಮೊನೆಗಳು ಮೇಲ್ಮುಖವಾಗಿ. ಮೊನೆಗಳ ಮೇಲೆ ಎರಡು ಮೂರು ಸೆಂ.ಮೀ. ದ್ರವ ನಿಲ್ಲಬೇಕು. ಮೊದಲು ಸುರಿದ ಮೂರು ಲೀಟರ್‌ನಷ್ಟು ಪೆಟ್ಟಿಗೆ ಮತ್ತು ಫೋಮ್ ತಣಿಯುವುದರಲ್ಲೇ ಹೋಗುತ್ತದೆ, ಆಮೇಲೆ ನಿಲ್ಲಲು ಐದು ಲೀಟರ್ ಬೇಕು. ಕುದಿತ ಶಾಂತವಾದ ಮೇಲೆ ಹಾರ್ನ್‌ನ ಬಾಯಿಯನ್ನು ಕೆಳಮುಖ ಮಾಡಿ ಪೆಟ್ಟಿಗೆಯ ಮೇಲೆ ಹಿಡಿಯಿರಿ, ನಡುವೆ ತೆಳು ಥರ್ಮಾಕೋಲ್ ಹಾಳೆ ಇರಲಿ. ಅದು ಮೈಕ್ರೋವೇವ್‌ಗೆ ಅಡ್ಡಿಯಲ್ಲ, ತಣ್ಣನೆಯ ಆವಿಯನ್ನು ಮಾತ್ರ ತಡೆಯುತ್ತದೆ. ಹಾಳೆ ಇಲ್ಲದಿದ್ದರೆ ಹಾರ್ನ್ ಒಳಗೆ ಹಿಮ ಕೂತು, ಮುಂದಿನ ಅಳತೆಯಲ್ಲಿ ಅದೇ ಕರಗಿ ನೀರಾಗುತ್ತದೆ.

ತಾಪಮಾನ ಎಷ್ಟೆಂದು ಬರೆಯಬೇಕು? ಸಮುದ್ರಮಟ್ಟದಲ್ಲಿ 77.4. ಬೆಂಗಳೂರಿನ ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಅಲ್ಲಿ ಕುದಿಬಿಂದು 76.5ರ ಹತ್ತಿರ. ಮಂಗಳೂರಿನವರು 77.4 ಅನ್ನು ಬದಲಿಸುವ ಅಗತ್ಯವಿಲ್ಲ. ದ್ರವದ ಮೇಲ್ಮೈ ಶೇ 0.8ರಷ್ಟನ್ನು ಪ್ರತಿಫಲಿಸುವುದರಿಂದ ಸುಮಾರು 1 ಕೆಲ್ವಿನ್ ಸೇರಿಸಿ. ಬೆಂಗಳೂರಿನಲ್ಲಿ 77.5 ಎಂದು ಹಿಡಿಯಬಹುದು.

ಬಿಸಿ ವಸ್ತು ಎಂದರೆ ಅದೇ ಫೋಮ್‌ನ ಇನ್ನೊಂದು ತುಂಡು, ಒಳಗೆ ಥರ್ಮಾಮೀಟರ್. ಅದನ್ನು ಹಾರ್ನ್ ಮುಂದೆ 1.4 ಸೆಂ.ಮೀ. ಹಿಂದೆ ಮುಂದೆ ಆಡಿಸಿ. ಅಂಕಿ ಅಲೆಯಂತೆ ಏರಿಳಿದರೆ ಫೋಮ್ ಹೀರುವ ಬದಲು ಪ್ರತಿಫಲಿಸುತ್ತಿದೆ, ಬೇರೆ ತನ್ನಿ.

ಅಳೆಯುವ ಸುತ್ತು

ಎಲ್‌ಎನ್‌ಬಿಯನ್ನು ಥರ್ಮಾಕೋಲ್‌ನಲ್ಲಿ ಸುತ್ತಿ ಒಂದು ಗಂಟೆ ಮೊದಲೇ ಚಾಲೂ ಮಾಡಿಡಿ. ಸಂಖ್ಯೆಗಳ ಸಹಜ ಕಂಪನ ಇಲ್ಲಿ ಸಮಸ್ಯೆಯೇ ಅಲ್ಲ: 2 ಮೆಗಾಹರ್ಟ್ಸ್ ಅಗಲದಲ್ಲಿ 10 ಸೆಕೆಂಡ್ ಸರಾಸರಿ ತೆಗೆದರೆ ಅದು 0.02 ಕೆಲ್ವಿನ್‌ಗೆ ಇಳಿಯುತ್ತದೆ. ಕಾಡುವುದು ಗೇನ್‌ನ ಜಾರುವಿಕೆ. ಗೇನ್ ಶೇ 1 ಜಾರಿದರೆ 0.8 ಕೆಲ್ವಿನ್ ಹೋಯಿತು. ಗಂಟೆಗಟ್ಟಲೆ ಆಕಾಶವನ್ನೇ ನೋಡುತ್ತ ಕೂತರೆ ಫಲವಿಲ್ಲ. ಬಿಸಿ 20 ಸೆಕೆಂಡ್, ಆಕಾಶ 30, ತಣ್ಣಗೆ 20, ಆಕಾಶ 30, ಮತ್ತೆ ಬಿಸಿ 20. ಇಡೀ ಸುತ್ತು ಮೂರು ನಿಮಿಷದೊಳಗೆ ಮುಗಿಯಲಿ. ಮೊದಲ ಮತ್ತು ಕೊನೆಯ ಬಿಸಿಯ ನಡುವೆ ಶೇ 0.2ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಆ ಸುತ್ತನ್ನೇ ಕೈಬಿಡಿ.

ರಾತ್ರಿಯೇ ಅಳೆಯಿರಿ. ಹಗಲಲ್ಲಿ ಸೂರ್ಯ ಹಾರ್ನ್‌ನ ದಿಕ್ಕಿಗೆ ಬಂದರೆ ಒಂದೇ ಏಟಿಗೆ ಹತ್ತು ಕೆಲ್ವಿನ್‌ಗೂ ಮೇಲೆ ಏರುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗಿನ ಒಣ ರಾತ್ರಿಗಳು ಅತ್ಯುತ್ತಮ, ಮೋಡವಿದ್ದರೆ ಮನೆಯಲ್ಲಿರಿ. ಆ ತಿಂಗಳುಗಳ ತೊಂದರೆ ಇಬ್ಬನಿ. ಹಾರ್ನ್ ಬಾಯಿಯ ಮೇಲೆ ಕಣ್ಣಿಗೆ ಕಾಣದಷ್ಟು ನೀರಿನ ಪೊರೆ ಕೂತರೂ ಲೆಕ್ಕ ಕೆಡುತ್ತದೆ, ಪ್ರತಿ ಸುತ್ತಿಗೂ ಒಣ ಬಟ್ಟೆಯಿಂದ ಒರೆಸಿ.

ಕರ್ನಾಟಕದಲ್ಲಿ ನೆತ್ತಿಗೆ ನೇರ ಗುರಿ ಇಡಬಾರದು. ಯುರೋಪ್, ಅಮೆರಿಕದ ಕೈಪಿಡಿಗಳಲ್ಲಿ ಈ ಮಾತು ಸಾಮಾನ್ಯವಾಗಿ ಕಾಣುವುದಿಲ್ಲ, ಏಕೆಂದರೆ ಅಲ್ಲಿ ಭೂಸ್ಥಿರ ಉಪಗ್ರಹಗಳ ಸಾಲು ದಕ್ಷಿಣದಲ್ಲಿ ಕೆಳಗಿರುತ್ತದೆ. ಬೆಂಗಳೂರಿನ 13 ಡಿಗ್ರಿ ಅಕ್ಷಾಂಶದಲ್ಲಿ ಅದು ನೆತ್ತಿಯಿಂದ ದಕ್ಷಿಣಕ್ಕೆ ಬರೀ 15 ಡಿಗ್ರಿ. ಹಾರ್ನ್ ಅನ್ನು ನೆತ್ತಿಯಿಂದ 15 ಡಿಗ್ರಿ ಉತ್ತರಕ್ಕೆ ವಾಲಿಸಿ ಆರಂಭಿಸಿ, ಅಲ್ಲಿಂದ ಉತ್ತರದ ಕಡೆಗೇ ಇಳಿಸುತ್ತ ಹೋಗಿ: 15, 30, 40, 50 ಡಿಗ್ರಿ. ಆ ಓರೆಗಳಲ್ಲಿ ಗಾಳಿಯ ದಪ್ಪ ನೆತ್ತಿಯ ಗಾಳಿಗಿಂತ ಕ್ರಮವಾಗಿ 1.035, 1.155, 1.305, 1.556 ಪಟ್ಟು. 50ರಿಂದ ಕೆಳಗೆ ಹೋದರೆ ನೆಲ ಇಣುಕುತ್ತದೆ.

ಲೆಕ್ಕ

ಉದಾಹರಣೆಗೆ ಡಾಂಗಲ್ ತೋರುವ ಶಕ್ತಿಯ ಅಂಕಿಗಳು ಬಿಸಿ (298 ಕೆಲ್ವಿನ್) 36800, ತಣ್ಣಗೆ (77.5) 14750, 15 ಡಿಗ್ರಿಯ ಆಕಾಶ 7870 ಎಂದು ಬಂದಿದೆ ಎನ್ನಿ. ಬಿಸಿಯಿಂದ ಆಕಾಶ ಕಳೆದರೆ 28930. ಬಿಸಿಯಿಂದ ತಣ್ಣನೆಯದು ಕಳೆದರೆ 22050. ಅನುಪಾತ 1.312. ಇದನ್ನು ಬಿಸಿ ಮತ್ತು ತಣ್ಣನೆಯ ತಾಪಮಾನದ ವ್ಯತ್ಯಾಸವಾದ 220.5ರಿಂದ ಗುಣಿಸಿದರೆ 289.3. 298ರಿಂದ ಕಳೆದರೆ ಆಕಾಶ 8.7 ಕೆಲ್ವಿನ್. ಇದೇ ರೀತಿ 50 ಡಿಗ್ರಿಯಲ್ಲಿ 8100 ಬಂದರೆ 11.0 ಕೆಲ್ವಿನ್.

ಎರಡರ ವ್ಯತ್ಯಾಸ 2.3, ಗಾಳಿಯ ದಪ್ಪದ ವ್ಯತ್ಯಾಸ 0.521. ಭಾಗಿಸಿದರೆ ನೆತ್ತಿಯ ಗಾಳಿ 4.4 ಕೆಲ್ವಿನ್. 8.7ರಿಂದ 4.4ರ 1.035 ಪಟ್ಟನ್ನು ಕಳೆದರೆ ಉಳಿಯುವುದು 4.1. ನಾಲ್ಕೂ ಓರೆಗಳ ಬಿಂದುಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ ಗೆರೆ ಎಳೆಯುವುದು ಇನ್ನೂ ಒಳ್ಳೆಯದು. ಬಿಂದುಗಳು ಗೆರೆ ಬಿಟ್ಟು ಮೇಲಕ್ಕೆ ಬಾಗಿದರೆ ಕೆಳಗಿನ ಓರೆಗಳಲ್ಲಿ ನೆಲ ಸೇರಿಕೊಂಡಿದೆ.

ಭೌತಶಾಸ್ತ್ರ ಓದಿದವರು ಇಲ್ಲಿ ಪ್ಲಾಂಕ್ ತಿದ್ದುಪಡಿ ಕೇಳುತ್ತಾರೆ. 10.8 ಗಿಗಾಹರ್ಟ್ಸ್‌ನಲ್ಲಿ 2.725 ಕೆಲ್ವಿನ್‌ನ ವಸ್ತು ಕೊಡುವ ಆಂಟೆನಾ ತಾಪಮಾನ 2.47 ಮಾತ್ರ, ನಿಜ. ಆದರೆ ಬಿಸಿ ಮತ್ತು ತಣ್ಣನೆಯ ವಸ್ತುಗಳೂ 0.26ರಷ್ಟು ಕಡಿಮೆ ಕೊಡುತ್ತವೆ. ಅವಕ್ಕೆ ಥರ್ಮಾಮೀಟರ್‌ನ ತಾಪಮಾನವನ್ನೇ ಬಳಸಿದ್ದರೆ ಎರಡೂ ಹೊಡೆದುಹೋಗಿ ಉಳಿಯುವ ತಪ್ಪು 0.01. ಬಿಟ್ಟುಬಿಡಿ.

ನೆಲ

ಉಳಿದ 4.1ರಲ್ಲಿ ನೆಲದ ಪಾಲೆಷ್ಟು ಎಂಬುದೇ ಇಡೀ ಪ್ರಯೋಗದ ಕಠಿಣ ಭಾಗ. ಹಾರ್ನ್ ಸುತ್ತ ನಾಲ್ಕು ಅಲ್ಯೂಮಿನಿಯಂ ಹಾಳೆಗಳನ್ನು 45 ಡಿಗ್ರಿ ಓರೆಯಾಗಿ, ಮೇಲಕ್ಕೆ ಅಗಲವಾಗುವ ತೊಟ್ಟಿಯಂತೆ ನಿಲ್ಲಿಸಿ. ಆಗ ಹಾರ್ನ್‌ನ ಪಕ್ಕದ ನೋಟಕ್ಕೆ ನೆಲದ ಬದಲು ಆಕಾಶದ ಪ್ರತಿಬಿಂಬ ಕಾಣುತ್ತದೆ. ಹಾಳೆ ಇಟ್ಟಾಗ ಮತ್ತು ತೆಗೆದಾಗಿನ ವ್ಯತ್ಯಾಸ ಬರೆದುಕೊಳ್ಳಿ. ನಂತರ ಹಾಳೆಗಳ ಎತ್ತರವನ್ನು ಇಮ್ಮಡಿ ಮಾಡಿ. ಮೊದಲ ಸುತ್ತಿನಲ್ಲಿ 4 ಕೆಲ್ವಿನ್ ಇಳಿದು ಎರಡನೆಯದರಲ್ಲಿ ಇನ್ನೊಂದು ಇಳಿದರೆ, ಇನ್ನೂ ಉಳಿದಿರುವ ನೆಲ ಒಂದರ ಆಸುಪಾಸು ಎಂದು ಅಂದಾಜಿಸಬಹುದು. ಪಕ್ಕದ ನೀರಿನ ಟ್ಯಾಂಕ್, ಪ್ಯಾರಪೆಟ್, ಹಾರ್ನ್ ಮೇಲೆ ಬಗ್ಗಿ ನೋಡುವ ಸ್ನೇಹಿತನ ತಲೆ, ಎಲ್ಲವೂ ಇಲ್ಲಿ 300 ಕೆಲ್ವಿನ್‌ನ ದೀಪಗಳೇ.

ದೊಡ್ಡವರಿಗೂ ಇದೇ ತಲೆನೋವು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ತಂಡ ಬೇರೆಯದೇ ರೇಡಿಯೋ ಹಿನ್ನೆಲೆ ಸಂಕೇತ ಹುಡುಕಲು, ಮೆಗಾಹರ್ಟ್ಸ್‌ಗಳ ಮಟ್ಟದಲ್ಲಿ ಕೆಲಸ ಮಾಡುವ ‘ಸಾರಸ್ 3’ ಆಂಟೆನಾವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆ ಮತ್ತು ಶರಾವತಿ ಹಿನ್ನೀರಿನ ಮೇಲೆ ತೇಲಿಬಿಟ್ಟಿತು. ಮಣ್ಣಾದರೆ ಪದರ ಪದರವಾಗಿ ಗುಣ ಬದಲಿಸುತ್ತದೆ, ಅದರ ಹೊರಸೂಸುವಿಕೆಯನ್ನು ಲೆಕ್ಕಕ್ಕೆ ತರುವುದು ಕಷ್ಟ. ನೀರು ಆಳದವರೆಗೂ ಒಂದೇ ತೆರ.

ನಮ್ಮ ಉದಾಹರಣೆಯ ಅಂಕಿಗಳು ಹಾಳೆ ಇಟ್ಟೇ ತೆಗೆದವು ಎಂದುಕೊಂಡು, ಉಳಿದ ನೆಲಕ್ಕೆ 1 ಕಳೆದರೆ 3.1 ಕೆಲ್ವಿನ್ ಉಳಿಯುತ್ತದೆ. ತಪ್ಪಿನ ವ್ಯಾಪ್ತಿಯನ್ನು ಪ್ರಾಮಾಣಿಕವಾಗಿ ಬರೆಯಿರಿ: ತಣ್ಣನೆಯ ಪೆಟ್ಟಿಗೆಯ ಒಂದು ಕೆಲ್ವಿನ್ ಅನಿಶ್ಚಿತತೆ 1.3 ಆಗುತ್ತದೆ, ನೆಲದ್ದು 1, ಗಾಳಿಯದು ಅರ್ಧ. ವರ್ಗಗಳ ಮೊತ್ತದ ಮೂಲ ತೆಗೆದರೆ 1.7. ವರದಿಯಲ್ಲಿ 3.1 ± 1.7 ಎಂದು ಬರೆದರೆ ಅದು ಒಳ್ಳೆಯ ಫಲಿತಾಂಶ. 2.73 ± 0.05 ಎಂದು ಬರೆದ ವಿದ್ಯಾರ್ಥಿಯನ್ನು ಅನುಮಾನಿಸುವುದು ಮೇಷ್ಟ್ರ ಕರ್ತವ್ಯ.

ಉತ್ತರ ಸೊನ್ನೆಗಿಂತ ಕೆಳಗೆ ಬಂದರೆ ಮೊದಲು ಪೆಟ್ಟಿಗೆಯೊಳಗೆ ನೋಡಿ. ಸಾರಜನಕ ಇಳಿದು ಫೋಮ್‌ನ ಮೊನೆಗಳು ಒಣಗಿದ್ದರೆ ಅವು 77ಕ್ಕಿಂತ ಬೆಚ್ಚಗಿರುತ್ತವೆ, ಆಕಾಶ ಅಷ್ಟೇ ಕೆಳಗೆ ತೋರುತ್ತದೆ. ಅದು ಸರಿಯಿದ್ದರೆ ಅಟೆನ್ಯುಯೇಟರ್ ಪರೀಕ್ಷೆ ಮತ್ತೆ ಮಾಡಿ. 8ಕ್ಕಿಂತ ಮೇಲೆ ಬಂದರೆ ಇಬ್ಬನಿ, ನೆಲ, ಉಪಗ್ರಹ, ಈ ಕ್ರಮದಲ್ಲಿ ಹುಡುಕಿ. ಸುತ್ತಿನಿಂದ ಸುತ್ತಿಗೆ ಉತ್ತರ ಕುಣಿಯುತ್ತಿದ್ದರೆ ಕೇಬಲ್ ತುದಿಯ ಎಫ್ ಕನೆಕ್ಟರ್ ಬಿಚ್ಚಿ ಮತ್ತೆ ಬಿಗಿಮಾಡಿ, ಎಷ್ಟೋ ಸಲ ತಪ್ಪಿರುವುದು ಅಲ್ಲೇ.